ಎಡೆಲ್ವಿನಾಳ ದಕ್ಷಿಣದ ಅಂಚು

ಡೊಬ್ರಿವ್ಕಾ, ಸಸ್ಕಾಚೆವನ್
13 ಅಕ್ಟೋಬರ್ 1981

ಪ್ರೀತಿಯ ತಮ್ಮ ಓಸ್ತಾಪನಿಗೆ,

ಮೊಣಕಾಲಿಗೆ ಕರಡಿಕೊಬ್ಬು ಹಚ್ಚಿಕೊಳ್ಳುತ್ತಿದ್ದೀಯಂತೆ. ಹಚ್ಚಿಕೋ, ಆದರೆ ಹಾಗೆಯೇ ಬಸ್ಸು ಹತ್ತಬೇಡ. ಫೋನ್ ಮಾಡಬಾರದೇ ಎಂದು ಕೇಳಿದ್ದೀಯ. ನಮ್ಮ ರಸ್ತೆಯ ಐದು ಮನೆಗೆ ಇನ್ನೂ ಒಂದೇ ತಂತಿ. ನಾನು ‘ಹಲೋ’ ಎನ್ನುವಷ್ಟರಲ್ಲಿ ಅಂಗಡಿಯ ನಾಸ್ತ್ಯಾ ತಾನೂ ಎತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಕಾಗದವೇ ವಾಸಿ.

ಇಪ್ಪತ್ತೊಂಬತ್ತರ ಸಂಜೆಗೆ ನಾನು ತಯಾರು. ಎಡೆಲ್ವಿನಾಳ ಬಗ್ಗೆ ಊರಿಗೆ ಬರುವ ಲೈಬ್ರರಿ ವ್ಯಾನಿನಿಂದ ಪುಸ್ತಕ ತರಿಸಿ ಓದಿದೆ. ಹೆಸರು ಹೆಂಗಸಿನದು, ಆದರೆ ಅದೊಂದು ಕಲ್ಲು. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಸಾವಿರಾರು ಕಲ್ಲುಗಳಲ್ಲಿ ಒಂದು. 1911ರಲ್ಲಿ ಜರ್ಮನಿಯ ಒಂದು ಗುಡ್ಡದ ಮೇಲೆ ಯಾರೋ ಗಾಜಿನ ತಟ್ಟೆಯ ಮೇಲೆ ಆಕಾಶದ ಫೋಟೋ ತೆಗೆದರಂತೆ. ನಕ್ಷತ್ರಗಳೆಲ್ಲ ಚುಕ್ಕೆಯಾಗಿ ಬಿದ್ದಿದ್ದವು, ಇದೊಂದು ಮಾತ್ರ ಸಣ್ಣ ಗೀರಾಗಿತ್ತು. ಎಲ್ಲ ನಿಂತಿರುವಾಗ ಇದು ನಡೆಯುತ್ತಿತ್ತಲ್ಲ, ಹಾಗಾಗಿ ಸಿಕ್ಕಿಬಿತ್ತು. ಕಂಡುಹಿಡಿದವನು ತನ್ನ ಅತ್ತೆಯ ಹೆಸರಿಟ್ಟನಂತೆ. ಬದುಕಿದ್ದಾಗ ಆ ಅತ್ತೆ ಅವನಿಗೆ ಏನು ಉಣಿಸಿದಳೋ! ಸೂರ್ಯನನ್ನು ಒಂದು ಸುತ್ತು ಬರಲು ಐದೂಕಾಲು ವರ್ಷ. ತನ್ನ ಸುತ್ತಲೇ ಒಂದು ಸಲ ಹೊರಳಲು ಒಂಬತ್ತು ಗಂಟೆಯ ಹತ್ತಿರ. ಮೈ ಇದ್ದಿಲಿನ ಹಾಗೆ ಕಪ್ಪು. ಎಷ್ಟು ದೊಡ್ಡದು ಎನ್ನುವುದು ಮಾತ್ರ ಬರೀ ಅಂದಾಜು.

ಆ ಅಂದಾಜನ್ನು ಸರಿಮಾಡುವುದಕ್ಕೇ ನಾವಿಬ್ಬರೂ ಚಳಿಯಲ್ಲಿ ಕೂರುವುದು. ಅದು ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರ ಕೆಲವು ಸೆಕೆಂಡು ಆರುತ್ತದೆ. ನೆರಳು ಮೊದಲು ನನ್ನ ಮೇಲೆ, ಒಂದು ನಿಮಿಷದೊಳಗೆ ನಾನೂರು ಮೈಲಿ ಆಚೆ ನಿನ್ನ ಮೇಲೆ. ನಮ್ಮ ಫಾದರ್ ಮಿರೊನ್ ಕೂಡ ಚರ್ಚಿನ ಅಂಗಳದಲ್ಲಿ ತಮ್ಮ ಪುಟ್ಟ ದೂರದರ್ಶಕ ಇಟ್ಟುಕೊಂಡು ಕೂರುತ್ತಾರೆ. ಯಾರು ಎಲ್ಲಿದ್ದರು, ಎಷ್ಟು ಹೊತ್ತು ಆರಿತು ಎಂಬುದನ್ನೆಲ್ಲ ಗಡಿಯಾಚೆ ಉತ್ತರ ಡಕೋಟಾದ ಗೋಧಿ ರೈತ ಓರ್ವಿಲ್ ಟ್ವೇಟ್ ಒಟ್ಟುಮಾಡಿ, ಒಬ್ಬೊಬ್ಬರದನ್ನೂ ಒಂದೊಂದು ಸಾಲಾಗಿ ಮೇಲೆಕೆಳಗೆ ಜೋಡಿಸಿ ಕಲ್ಲಿನ ಚಿತ್ರ ಬರೆಯುತ್ತಾನೆ. ಅವನು ನನ್ನ ಜಾಗದ ಅಕ್ಷಾಂಶ ರೇಖಾಂಶ ಕೇಳಿದ. ನನ್ನ ಬಳಿ ಅಂಥ ನಕ್ಷೆಯೆಲ್ಲಿದೆ? ಜಮೀನಿನ ಗುರುತನ್ನೇ, ಟೌನ್‌ಶಿಪ್ಪಿನ ಸೆಕ್ಷನ್ ನಂಬರನ್ನೇ, ಬರೆದು ಕಳಿಸಿದೆ. ಅವನೂ ರೈತ, ತಿಳಿದುಕೊಳ್ಳುತ್ತಾನೆ.

ನಿನ್ನ ಅಕ್ಕ
ಡೋಕಿಯಾ


ಲಾರ್ಕ್‌ಹಿಲ್, ಆಲ್ಬರ್ಟಾ
31 ಅಕ್ಟೋಬರ್ 1981

ಅಕ್ಕಾ,

ಆರಿತು! ಐದು ಸೆಕೆಂಡು! ಯಾರೋ ಬೆರಳಿನಿಂದ ಹಿಸುಕಿದ ಹಾಗೆ ಆರಿ, ಮತ್ತೆ ಏನೂ ಆಗದ ಹಾಗೆ ಹತ್ತಿಕೊಂಡಿತು. ನಾನು ಕೂಗಿದ ಕೂಗು ಟೇಪಿನಲ್ಲಿ ಎಷ್ಟು ಜೋರಾಗಿದೆಯೆಂದರೆ ಹೊತ್ತು ತಿಳಿಯಲೆಂದು ಜೊತೆಗೆ ಟೇಪು ಮಾಡಿದ್ದ ಸಮಯದ ರೇಡಿಯೊದ ಟಿಕ್‌ಟಿಕ್ ಮುಳುಗಿಹೋಗಿದೆ. ಪಕ್ಕದ ಮನೆಯ ಸ್ಕಾಟ್ ಮುದುಕ ಬೇಲಿಯಾಚೆಯಿಂದ, ‘ಓಸ್ತಾಪ್, ಯಾರು ಸತ್ರು?’ ಎಂದ. ‘ಯಾರೂ ಸಾಯ್ಲಿಲ್ಲ ಕಣಯ್ಯ, ಒಂದು ನಕ್ಷತ್ರ ಹೋಗಿ ವಾಪಸ್ ಬಂತು’ ಎಂದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೂವತ್ತೈದು ವರ್ಷ ರೈಲು ಹಳಿ ಬಿಗಿ ಮಾಡಿದವನು ನಾನು. ಇಷ್ಟು ವರ್ಷಕ್ಕೆ ಆಕಾಶದಲ್ಲಿ ಏನೋ ಒಂದನ್ನು ನಾನೇ ಅಳೆದೆ ಅನ್ನಿಸಿತು. ನಿನ್ನದು ಎಷ್ಟು ಸೆಕೆಂಡು? ಬೇಗ ಬರಿ.

ಓಸ್ತಾಪ್


ಡೊಬ್ರಿವ್ಕಾ
6 ನವೆಂಬರ್ 1981

ಓಸ್ತಾಪ್,

ನನ್ನದು ಆರಲಿಲ್ಲ.

ಅಂಗಳದಲ್ಲಿ ಪಕ್ಕದವರ ಹೊಸ ದೀಪದ ಕಾಟ, ಅದಕ್ಕೆ ದೂರದರ್ಶಕ, ಟೇಪು ಎಲ್ಲವನ್ನೂ ನನ್ನ ದಕ್ಷಿಣದ ಹೊಲಕ್ಕೆ ಸಾಗಿಸಿ ಅಲ್ಲೇ ಕೂತಿದ್ದೆ. ಓರ್ವಿಲ್‌ಗೆ ಬರೆದದ್ದೂ ಅದೇ ಹೊಲದ ಗುರುತು. ಗಾಳಿಯಿರಲಿಲ್ಲ, ಮೋಡವಿರಲಿಲ್ಲ. ನಕ್ಷತ್ರದ ಮೇಲೆ ಕಣ್ಣಿಟ್ಟು ಟೇಪಿಗೆ ‘ಇದೆ, ಇದೆ, ಇದೆ’ ಎನ್ನುತ್ತಲೇ ಇದ್ದೆ, ಹೇಳಿದ ಹೊತ್ತು ಕಳೆದ ಮೇಲೂ ಬಹಳ ಹೊತ್ತು. ಅದು ಮಿಣುಕಿದ್ದೂ ಇಲ್ಲ.

ಆಮೇಲೆ ಫಾದರ್ ಮಿರೊನ್ ತಮ್ಮ ಹಳೇ ಟ್ರಕ್ಕಿನಲ್ಲಿ ಓಡೋಡಿ ಬಂದರು. ‘ಡೋಕಿಯಮ್ಮಾ, ಆರ್ತು! ಎರಡು ಸೆಕೆಂಡಿಗೂ ಸ್ವಲ್ಪ ಜಾಸ್ತಿ. ನಿಮ್ದೆಷ್ಟು?’ ನಾನು ತಲೆಯಲ್ಲಾಡಿಸಿದೆ. ಪಾಪ, ಅವರ ಮುಖ ಇಳಿಯಿತು. ತಮ್ಮದೇ ತಪ್ಪು ಎನ್ನುವ ಹಾಗೆ.

ನಿನ್ನ ಕೂಗು ಓದಿ ಖುಷಿಯಾಯಿತು. ನಿಜವಾಗಿಯೂ. 

ಡೋಕಿಯಾ


ಲಾರ್ಕ್‌ಹಿಲ್
14 ನವೆಂಬರ್ 1981

ಅಕ್ಕಾ,

ಬೇಜಾರು ಮಾಡಿಕೊಳ್ಳಬೇಡ. ಆದರೆ ನೀನು ನೋಡಿದ್ದು ಬೇರೆ ನಕ್ಷತ್ರವಿರಬೇಕು. ಪಕ್ಕದಲ್ಲೇ ಅದೇ ಹೊಳಪಿನದು ಇನ್ನೊಂದಿದೆ. ನಾನೇ ಮೊದಲು ಅದರ ಮೇಲೆ ಹೋಗಿ ಕೂತಿದ್ದೆ. ಯಾರಿಗಾದರೂ ಆಗುವಂಥದ್ದು. ಓರ್ವಿಲ್‌ಗೆ ‘ಖಚಿತವಿಲ್ಲ’ ಎಂದು ಬರೆದುಬಿಡು. ಖಚಿತವಿಲ್ಲ ಎಂದರೆ ಯಾರೂ ಏನೂ ಅನ್ನುವುದಿಲ್ಲ, ನಿನ್ನ ಸಾಲನ್ನು ಸುಮ್ಮನೆ ಬದಿಗಿಡುತ್ತಾರೆ. ಒಂದು ಸಂಜೆ ತಾನೇ?

ಓಸ್ತಾಪ್


ಡೊಬ್ರಿವ್ಕಾ
23 ನವೆಂಬರ್ 1981

ಓಸ್ತಾಪ್,

ಓರ್ವಿಲ್‌ನ ಕಾಗದವೂ ಬಂದಿದೆ. ಬಹಳ ಮರ್ಯಾದೆಯಿಂದ ಬರೆದಿದ್ದಾನೆ. ‘ಮಿಸೆಸ್ ಬೊಯ್ಚುಕ್, ನೆರಳಿನ ದಾರಿಯಲ್ಲಿ ನಿಮಗಿಂತ ಉತ್ತರಕ್ಕೆ ನಿಮ್ಮ ತಮ್ಮನ ಸಾಲು, ದಕ್ಷಿಣಕ್ಕೆ ಪಾದ್ರಿಗಳ ಸಾಲು, ಇಬ್ಬರಿಗೂ ಆರಿದೆ, ನಡುವೆ ನಿಮಗೆ ಮಾತ್ರ ಆರಿಲ್ಲ. ಕಲ್ಲಿನ ನಟ್ಟನಡುವೆ ಬೆಳಕು ಹಾದುಬರುವುದು ಹೇಗೆ? ರೆಪ್ಪೆ ಮುಚ್ಚಿತ್ತೇ? ಬೇರೆ ನಕ್ಷತ್ರವೇ?’ ಚೌಕದೊಳಗೆ ‘ಖಚಿತವಿಲ್ಲ’ ಎಂದು ಗುರುತುಹಾಕಿ ಕಳಿಸಲು ಚೀಟಿಯೊಂದನ್ನೂ ಇಟ್ಟಿದ್ದಾನೆ.

ಆ ಚೀಟಿಯನ್ನು ಒಲೆಗೆ ಹಾಕಿದೆ. ಆ ನಕ್ಷತ್ರಕ್ಕೆ ಹೋಗುವ ದಾರಿಯನ್ನು ಎರಡು ವಾರ ಪ್ರತಿ ಸಂಜೆ ಕಣ್ಣಿನಲ್ಲೇ ನಡೆದು ಬಾಯಿಪಾಠ ಮಾಡಿದ್ದೆ. ನೀನು ಹೇಳುವ ಪಕ್ಕದ ನಕ್ಷತ್ರ ಹಳದಿ, ನನ್ನದು ಬಿಳಿ. ಎರಡೂ ಒಟ್ಟಿಗೆ ಕಣ್ಣೆದುರು ಇದ್ದವು. ಎರಡೂ ಆರಲಿಲ್ಲ.

ಇಲ್ಲಿ ಊರೆಲ್ಲ ಗೊತ್ತಾಗಿದೆ. ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ವರೆನಿಕಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದೆವು. ನಾಸ್ತ್ಯಾ ಶುರುಮಾಡಿದಳು: ‘ಅಲ್ಲ ಡೋಕಿಯಾ, ಪಾದ್ರಿಗೆ ಕಂಡಿದ್ದು ನಿಂಗೆ ಕಾಣ್ಲಿಲ್ವಂತೆ? ಸ್ವರ್ಗದ ವಿಷ್ಯ ಅಲ್ವಾ, ಪುಣ್ಯ ಬೇಕು.’ ಎಲ್ಲರೂ ನಕ್ಕರು. ‘ಅವರಿಗೆ ಹೋಗಿದ್ದು ಕಾಣ್ತು, ನಂಗೆ ಇದ್ದಿದ್ದು ಕಾಣ್ತು. ನೀನು ಆಲೂಗಡ್ಡೆ ಸರಿಯಾಗಿ ಬೇಯ್ಸು’ ಎಂದೆ.

ಓರ್ವಿಲ್‌ಗೆ ಒಂದೇ ಸಾಲು ಬರೆದೆ: ‘ಖಚಿತ. ಬೇಕಾದರೆ ನನ್ನ ಹೆಸರನ್ನೇ ತೆಗೆದುಹಾಕಿ, ಹೇಳಿದ್ದನ್ನು ಬದಲಾಯಿಸುವುದಿಲ್ಲ.’

ಡೋಕಿಯಾ


ಲಾರ್ಕ್‌ಹಿಲ್
30 ನವೆಂಬರ್ 1981

ಅಕ್ಕಾ,

ನಾಸ್ತ್ಯಾ ನನಗೊಂದು ಕಾಗದ ಬರೆದಿದ್ದಾಳೆ. ನಿನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಅಂಗಡಿಯಲ್ಲಿ ಸಕ್ಕರೆ ಚೀಲ ಅಂತ ಉಪ್ಪಿನ ಚೀಲ ಎತ್ತಿಕೊಂಡು ಹೋಗಿದ್ದೆಯಂತೆ. ಇದನ್ನು ನನಗೆ ಯಾಕೆ ಹೇಳಲಿಲ್ಲ?

ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ. ಒಂದು ದಾರಿ ಯೋಚಿಸಿದ್ದೇನೆ. ನನ್ನ ಟೇಪು ಹೇಗೂ ಕೂಗಾಟದಲ್ಲಿ ಕೆಟ್ಟಿದೆ. ‘ನನಗೆ ಆರಿತೋ ಇಲ್ಲವೋ ಅನುಮಾನ’ ಎಂದು ನಾನು ಓರ್ವಿಲ್‌ಗೆ ಬರೆಯುತ್ತೇನೆ. ನನ್ನ ಸಾಲು ಹೋದರೆ ಕಲ್ಲು ಪಾದ್ರಿಯ ಚರ್ಚನ್ನು ಸವರಿಕೊಂಡು ದಕ್ಷಿಣಕ್ಕೆ ಹೋದ ಹಾಗಾಗುತ್ತದೆ. ಆಗ ಅದರ ಉತ್ತರಕ್ಕಿದ್ದ ನಿನಗೆ ಕಾಣದಿದ್ದದ್ದು ಸರಿಯೇ ಆಗುತ್ತದೆ. ನಾನು ಏನು, ಹಳಿ ಬಿಗಿ ಮಾಡಿದವನು. ನನ್ನನ್ನು ನೋಡಿ ಯಾರು ನಗುತ್ತಾರೆ?

ಓಸ್ತಾಪ್


ಡೊಬ್ರಿವ್ಕಾ
5 ಡಿಸೆಂಬರ್ 1981

ಓಸ್ತಾಪ್,

ಹಾಗೇನಾದರೂ ಬರೆದೆಯೋ, ನಿನ್ನ ಕಾಗದವನ್ನು ನಾನು ಇನ್ನು ಒಡೆಯುವುದಿಲ್ಲ.

ಪೊರೆ ಬಂದಿರುವುದು ಬಲಗಣ್ಣಿಗೆ. ನಾನು ನೋಡುವುದು ಎಡಗಣ್ಣಿನಲ್ಲಿ. ಇದನ್ನು ಓರ್ವಿಲ್‌ಗೆ ಮೊದಲ ದಿನವೇ ತಿಳಿಸಿದ್ದೇನೆ. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಇದೇ ಮಾಡುತ್ತೀಯೆಂದು ಗೊತ್ತಿತ್ತು: ಅಯ್ಯೋ ಪಾಪ ಎನ್ನುತ್ತೀಯ. ನಿನಗೆ ಐದು ಸೆಕೆಂಡು ಆರಿತು. ಅದು ನಿಜ. ನಿನ್ನ ನಿಜವನ್ನು ಕತ್ತರಿಸಿ ನನ್ನದಕ್ಕೆ ತೇಪೆ ಹಾಕಬೇಡ. ನನ್ನದು ಹರಿದಿಲ್ಲ.

ಡೋಕಿಯಾ


ಲಾರ್ಕ್‌ಹಿಲ್
29 ಡಿಸೆಂಬರ್ 1981

ಅಕ್ಕಾ,

ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಸಿಟ್ಟು ಇಷ್ಟು ದಿನ ಇರುತ್ತದೆಯೇ? ಇರಲಿ. ಇದನ್ನು ಓದಿದರೆ ಕರಗುತ್ತೀಯ.

ನೀನು ಹೇಳಿದ ಹಾಗೆ ನಾನು ನನ್ನದನ್ನು ಕತ್ತರಿಸಲಿಲ್ಲ. ಬದಲಿಗೆ ಕೂತು ಯೋಚಿಸಿದೆ: ನನ್ನದೂ ನಿಜ, ಪಾದ್ರಿಯದೂ ನಿಜ, ನಡುವೆ ಅಕ್ಕನದೂ ನಿಜ. ಮೂರೂ ನಿಜವಾದರೆ ಏನು? ಆಗ ಎಡೆಲ್ವಿನಾ ಒಂದು ಕಲ್ಲಲ್ಲ! ಎರಡು ಕಲ್ಲು, ಜೊತೆಜೊತೆಗೆ ಸುತ್ತುತ್ತಿವೆ. ದೊಡ್ಡದು ನನ್ನ ಮೇಲೆ ಹಾಯಿತು, ಚಿಕ್ಕದು ಪಾದ್ರಿಯ ಮೇಲೆ. ನಡುವಿನ ಸಂದಿನಿಂದ ನಿನ್ನ ನಕ್ಷತ್ರ ಹೊಳೆಯಿತು.

ಓರ್ವಿಲ್‌ಗೆ ಬರೆದೆ. ಅವನು ಮೊದಲು ನಕ್ಕ, ಆಮೇಲೆ ನಗಲಿಲ್ಲ. ತನ್ನ ಮಾಸಿಕ ಹಾಳೆಯಲ್ಲಿ ಹಾಕಿದ್ದಾನೆ. ಅಲ್ಲಿಂದ ಪತ್ರಿಕೆಯವರು ಎತ್ತಿಕೊಂಡರು. ಕತ್ತರಿಸಿ ಕಳಿಸಿದ್ದೇನೆ, ನೋಡು: ‘ಹಳ್ಳಿಯ ಅಜ್ಜಿ ಕಂಡ ಜೋಡಿ ಕಲ್ಲು’. ಈಗ ನಾಸ್ತ್ಯಾ ಏನನ್ನುತ್ತಾಳೆ ಕೇಳು!

ಓಸ್ತಾಪ್


ಡೊಬ್ರಿವ್ಕಾ
18 ಜನವರಿ 1982

ಪ್ರೀತಿಯ ಓಸ್ತಾಪ್,

ಸಿಟ್ಟಲ್ಲ ಕಣೋ. ಸಾಸ್ಕಾಟೂನ್ ಆಸ್ಪತ್ರೆಯಲ್ಲಿದ್ದೆ. ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಆಮೇಲೆ ಅಲ್ಲೇ ಮಗಳ ಮನೆಯಲ್ಲಿ ಇಟ್ಟುಕೊಂಡರು, ಓದಬೇಡ ಬರೆಯಬೇಡ ಬಗ್ಗಬೇಡ ಎಂದು. ಮುಂಚೆಯೇ ಹೇಳಿದ್ದರೆ ನೀನು ಮೊಣಕಾಲು ಎಳೆದುಕೊಂಡು ಬಂದು ಹಾಸಿಗೆ ಪಕ್ಕ ನಿಟ್ಟುಸಿರು ಬಿಡುತ್ತಿದ್ದೆ. ಜನವರಿ ಏಳರ ನಮ್ಮ ಕ್ರಿಸ್‌ಮಸ್ಸಿಗೆ ಊರಿಗೆ ಬಂದೆ. ಹಿಮ ಇಷ್ಟು ಬೆಳ್ಳಗಿರುತ್ತದೆಂದು ಮರೆತೇಹೋಗಿತ್ತು.

ನಿನ್ನ ಕಾಗದ ಓದಿದೆ. ಎರಡು ಕಲ್ಲು! ನನ್ನ ತಲೆಗೆ ಹೊಳೆಯಲಿಲ್ಲವಲ್ಲ. ಸುಳ್ಳು ಹೇಳುವುದಿಲ್ಲ, ಹಿಗ್ಗಿಹೋದೆ. ಹಬ್ಬದ ಊಟಕ್ಕೆ ಚರ್ಚಿನ ಕೋಣೆಗೆ ಕಾಲಿಡುತ್ತಲೇ ಎಲ್ಲರೂ ಎದ್ದು ನಿಂತರು. ನಾಸ್ತ್ಯಾ ತಾನೇ ಗೋಧಿಯ ಕುತ್ಯಾ ಬಡಿಸಿ, ಜೇನು ಎರಡು ಸೌಟು ಹೆಚ್ಚು ಹಾಕಿ, ‘ನಾನು ಆವತ್ತೇ ಅಂದ್ಕೊಂಡೆ, ಡೋಕಿಯಾ ಸುಮ್‌ಸುಮ್ನೆ ಹೇಳೋಳಲ್ಲ ಅಂತ’ ಎಂದಳು. ‘ಏನಂದ್ಕೊಂಡೆ, ಪುಣ್ಯ ಸಾಲ್ದು ಅಂತಲಾ?’ ಎಂದೆ. ‘ಹಳೇದೆಲ್ಲ ಯಾಕೀಗ, ತಿನ್ನು’ ಎಂದಳು.

ನಿನಗೆ ಎಡ್ಮಂಟನ್‌ನಲ್ಲಿ ಭಾಷಣಕ್ಕೆ ಕರೆ ಬಂದಿದೆಯೆಂದು ನಿನ್ನ ಸೊಸೆ ನನ್ನ ಮಗಳಿಗೆ ಹೇಳಿದಳಂತೆ. ನೀನು ಯಾಕೆ ಬರೆಯಲಿಲ್ಲ? ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ನಿನ್ನ ಅಕ್ಕ


ಡೊಬ್ರಿವ್ಕಾ
3 ಫೆಬ್ರವರಿ 1982

ಓಸ್ತಾಪ್,

ಕೂತುಕೊಂಡು ಓದು.

ಓರ್ವಿಲ್ ನಕ್ಷೆ ಕಳಿಸಿದ. ಕಲ್ಲಿನ ಚಿತ್ರದ ಪಕ್ಕದಲ್ಲಿ ನಮ್ಮ ಸೀಮೆಯ ನಕ್ಷೆ, ಅದರ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚುಕ್ಕೆ. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಚುಕ್ಕೆ ವಸಿಲ್‌ನ ಕೆರೆಯ ನಡುವೆ ಇತ್ತು. ಚರ್ಚಿನ ಉತ್ತರಕ್ಕಿರುವ, ಬಾತುಕೋಳಿ ಇಳಿಯುವ ಆ ಜೌಗು ಕೆರೆ ನೆನಪಿದೆಯಲ್ಲ? ಅಲ್ಲಿ ಕೂತಿದ್ದರೆ ಕುತ್ತಿಗೆವರೆಗೆ ನೀರಿನಲ್ಲಿ ಕೂತಿರಬೇಕಿತ್ತು. ನನ್ನ ಹೊಲವಿರುವುದು ಚರ್ಚಿನ ದಕ್ಷಿಣಕ್ಕೆ! ಓರ್ವಿಲ್ ನವೆಂಬರಿನಲ್ಲೇ ಪಾದ್ರಿ ನನ್ನ ದಕ್ಷಿಣಕ್ಕೆ ಎಂದಿದ್ದ; ಕಲ್ಲಿನ ಮೇಲಿನ ಉತ್ತರ ದಕ್ಷಿಣವೇ ಬೇರೆಯಿರಬೇಕೆಂದು ನಾವಿಬ್ಬರೂ ಕೇಳದೆ ಬಿಟ್ಟೆವು.

ಮೊದಲು ಓರ್ವಿಲ್‌ನ ಕೈ ಜಾರಿದೆ ಎಂದುಕೊಂಡು ಫಾದರ್ ಬಳಿ ಒಯ್ದೆ. ಅವರು ನಕ್ಷೆ ನೋಡುತ್ತ ನೋಡುತ್ತ ಹಣೆ ಒತ್ತಿಕೊಂಡರು. ‘ಡೋಕಿಯಮ್ಮಾ, ನಾನು ಎರಡು ವರ್ಷ ಮೊಂಟಾನಾದಲ್ಲಿ ಪಾದ್ರಿಯಾಗಿದ್ದೆ ಗೊತ್ತಲ್ಲ. ಹೋದ ಹೊಸದ್ರಲ್ಲಿ ಮದುವೆ ಮಾಡ್ಸೋಕೆ ಹೊರಟು, ಸೆಕ್ಷನ್ ಎಣಿಸ್ಕೊಂಡು ಎಣಿಸ್ಕೊಂಡು ಯಾರದೋ ಹಂದಿ ದೊಡ್ಡಿಗೆ ಹೋಗಿ ನಿಂತಿದ್ದೆ. ಅವರು ಮೇಲಿಂದ ಎಣಿಸ್ತಾರಮ್ಮ, ನಾವು ಕೆಳಗಿಂದ.’

ಅಷ್ಟೇ, ಓಸ್ತಾಪ್. ನಮ್ಮ ಟೌನ್‌ಶಿಪ್ಪಿನ ಆರು ಮೈಲಿಯ ಚೌಕದಲ್ಲಿ ಒಂದೊಂದು ಮೈಲಿಯ ಮೂವತ್ತಾರು ಸೆಕ್ಷನ್, ಅವರದರಲ್ಲೂ ಮೂವತ್ತಾರು. ನಮ್ಮಲ್ಲಿ ಒಂದನೆಯದು ಕೆಳಗಿನ ಬಲಮೂಲೆ. ಗಡಿಯಾಚೆ ಮೇಲಿನ ಬಲಮೂಲೆ. ನನ್ನದು ಮೂರನೆಯದು, ದಕ್ಷಿಣದ ತುದಿಯ ಸಾಲು. ಓರ್ವಿಲ್ ತನ್ನ ಅಜ್ಜ ಕಲಿಸಿದ ಹಾಗೆ ಎಣಿಸಿ ಉತ್ತರದ ತುದಿಗೆ ಒಯ್ದಿದ್ದಾನೆ. ಫಾದರ್ ಜಾಗ ತಪ್ಪಲಿಲ್ಲ, ಯಾಕೆಂದರೆ ಚರ್ಚಿಗೆ ನಕ್ಷೆಯಲ್ಲೇ ಶಿಲುಬೆ ಅಚ್ಚಾಗಿದೆ. ನಿನ್ನದು ನೀನೇ ಅಕ್ಷಾಂಶ ಅಳೆದು ಕಳಿಸಿದ್ದು.

ನಾನು ನಿಮ್ಮಿಬ್ಬರ ನಡುವೆ ಇರಲೇ ಇಲ್ಲ. ಇಬ್ಬರಿಗಿಂತ ದಕ್ಷಿಣಕ್ಕಿದ್ದೆ, ಕಲ್ಲಿನಿಂದ ಆಚೆ. ನೆರಳು ನನ್ನ ಬೇಲಿಯ ಈಚೆಗೆ ಬರಲಿಲ್ಲ. ಜೋಡಿಯೂ ಇಲ್ಲ, ಸಂದಿಯೂ ಇಲ್ಲ. ಎಡೆಲ್ವಿನಾ ಒಂದೇ ಕಲ್ಲು.

ಓರ್ವಿಲ್‌ಗೆ ಇನ್ನೂ ಹೇಳಿಲ್ಲ. ಎರಡು ಕಲ್ಲು ಎಂದದ್ದು ನೀನು. ಮೊದಲು ನಿನಗೆ ಹೇಳುವುದು ನ್ಯಾಯ.

ಡೋಕಿಯಾ


ಲಾರ್ಕ್‌ಹಿಲ್
9 ಫೆಬ್ರವರಿ 1982

ಅಕ್ಕಾ,

ಮೂರು ಸಲ ಓದಿದೆ. ಸರಿಯಾಗಿಯೇ ಇದೆ. ಸರಿಯಾಗಿರಬಾರದಿತ್ತು.

ಭಾಷಣ ಇದೇ ತಿಂಗಳ ಇಪ್ಪತ್ತೇಳಕ್ಕೆ. ಗೋಡೆಗೆ ಹಚ್ಚುವ ಹಾಳೆ ಅಚ್ಚಾಗಿದೆ: ನನ್ನ ಹೆಸರು, ಕೆಳಗೆ ‘ಎರಡು ಕಲ್ಲುಗಳ ಕಥೆ’. ನಿನಗೆ ಬರೆಯಲಿಲ್ಲ, ಬಂದು ಮುಂದಿನ ಸಾಲಿನಲ್ಲಿ ಕೂತರೆ ನನ್ನ ಬಾಯಿ ಒಣಗುತ್ತದೆಂದು. ಮೊಮ್ಮಕ್ಕಳು ಬರುತ್ತಾರೆ. ನನ್ನ ಹಳೇ ಮೇಸ್ತ್ರಿ ಬರುತ್ತೇನೆ ಎಂದಿದ್ದಾನೆ. ‘ನಿಂಗೆ ಹಳಿ ನೆಟ್ಟಗಿದ್ಯಾ ಅಂತ್ಲೇ ಕಾಣ್ತಿರ್ಲಿಲ್ಲ’ ಎಂದು ಬೈಯುತ್ತಿದ್ದವನು. ನನ್ನನ್ನು ಇಷ್ಟು ವಯಸ್ಸಿನಲ್ಲಿ ಯಾರೂ ಮಾತಾಡು ಎಂದು ಕರೆದಿರಲಿಲ್ಲ.

ಇಪ್ಪತ್ತೇಳರವರೆಗೆ ತಡಿ. ಅಷ್ಟೇ ಕೇಳುವುದು. ಆಮೇಲೆ ಓರ್ವಿಲ್‌ಗೆ ಹೇಳು, ಪೇಪರಿನವರಿಗೆ ಹೇಳು. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನನ್ನು ನೋಡಿಯೂ ನಗುತ್ತಾರೆ ಅಕ್ಕಾ, ಅದನ್ನು ಯೋಚಿಸಿದೆಯಾ?

ಓಸ್ತಾಪ್


ಡೊಬ್ರಿವ್ಕಾ
16 ಫೆಬ್ರವರಿ 1982

ಓಸ್ತಾಪ್,

ನಿನ್ನ ಕಾಗದವನ್ನು ಕೊನೆಯವರೆಗೆ ಓದಿ, ಮಡಿಸಿ, ಅದೇ ಕೈಯಲ್ಲಿ ಫೋನ್ ಎತ್ತಿದೆ. ಬೈಯಬೇಕೆಂದಿದ್ದರೆ ಬೈದುಕೋ.

ಓರ್ವಿಲ್‌ಗೆ ‘ನೀವು ಸೆಕ್ಷನ್ ಎಲ್ಲಿಂದ ಎಣಿಸ್ತೀರಪ್ಪ?’ ಎಂದೆ.

‘ಇದೇನು ಮಿಸೆಸ್ ಬೊಯ್ಚುಕ್? ಎಲ್ಲರೂ ಎಣಿಸೋ ಹಾಗೇ, ಮೇಲಿನ ಮೂಲೆಯಿಂದ.’

‘ಇಲ್ಲಿ ಎಲ್ಲರೂ ಕೆಳಗಿಂದ ಎಣಿಸ್ತಾರೆ.’

ಆ ಕಡೆ ಕಾಗದ ಮಗುಚುವುದು ಕೇಳಿಸಿತು. ಆಮೇಲೆ ತನ್ನ ಅಜ್ಜನ ಭಾಷೆಯಲ್ಲಿ ಏನೋ ಒಂದು ಬೈಗುಳ ನುಂಗಿಕೊಂಡು, ‘ಹಾಗಾದ್ರೆ ನನ್ನ ಎರಡನೇ ಕಲ್ಲು ಹೋಯ್ತು’ ಎಂದ.

‘ಹೋಯ್ತು, ಓರ್ವಿಲ್.’

‘ಇದನ್ನ ಯಾರೂ ಕಂಡುಹಿಡೀತಿರ್ಲಿಲ್ಲ, ಗೊತ್ತಾ? ನೀವು ಸುಮ್ನಿದ್ದಿದ್ರೆ...’

‘ನಾನು ಆ ಕೆರೇಲಿ ಇರ್ಲಿಲ್ಲ ಅಂತ ವಸಿಲ್‌ನ ಬಾತುಕೋಳಿಗಳಿಗೂ ಗೊತ್ತು.’

ತಂತಿಯಲ್ಲಿ ಯಾರೋ ಕಿಸಕ್ಕೆಂದರು. ‘ನಾಸ್ತ್ಯಾ, ಇಡು ಫೋನು’ ಎಂದೆ. ‘ಇಡ್ತೀನಿ ಇಡ್ತೀನಿ, ಆದ್ರೆ ಡೋಕಿಯಾ, ಈಗ ಎಷ್ಟು ಕಲ್ಲು? ಒಂದಾ? ಅಯ್ಯೋ, ನಾನು ಅಂಗಡಿ ಕಿಟಕಿಗೆ ಆ ಪೇಪರ್ ಅಂಟಿಸಿದ್ನಲ್ಲೇ!’ ‘ಕಿತ್ತು ಹಾಕು’ ಎಂದೆ.

ನನ್ನನ್ನು ನೋಡಿ ನಗುತ್ತಾರೆ ಎಂದು ಬರೆದಿದ್ದೀಯ. ಆಗಲೇ ಶುರುವಾಗಿದೆ. ಇಂದು ಬೆಳಿಗ್ಗೆ ವಸಿಲ್ ನನ್ನನ್ನು ಕಂಡು ‘ಈಜು ಹೇಗಿತ್ತು?’ ಎಂದ. ನಗಲಿ. ನವೆಂಬರಿನಲ್ಲಿ ಎಲ್ಲರೂ ನಿನಗೆ ಕಣ್ಣಿಲ್ಲ ಎಂದಾಗ ನಾನು ಕದಲಲಿಲ್ಲ. ಈಗ ಎಲ್ಲರೂ ನೀನು ಜಾಣೆ ಎನ್ನುತ್ತಾರೆಂದು ಕದಲುವುದೇ? ನಾನು ಹೇಳಿದ್ದು ಒಂದೇ ಮಾತು: ನನ್ನ ನಕ್ಷತ್ರ ಆರಲಿಲ್ಲ. ಎರಡು ಕಲ್ಲಿವೆ ಎಂದು ನಾನು ಯಾವತ್ತೂ ಹೇಳಲಿಲ್ಲ. ಸುಳ್ಳು ಚಿತ್ರದೊಳಗೆ ನನ್ನ ನಿಜವನ್ನು ಕೂರಿಸಿದರೆ ಅದು ನನ್ನದಾಗಿ ಉಳಿಯುವುದಿಲ್ಲ.

ನಿನ್ನ ಭಾಷಣ ಕೆಟ್ಟಿತೆಂದು ನನಗೆ ಸಂಕಟವಾಗಿದೆ. ಆದರೂ ಇದನ್ನೇ ಮತ್ತೆ ಮಾಡುತ್ತಿದ್ದೆ. ಎರಡನ್ನೂ ಬರೆಯುತ್ತಿದ್ದೇನೆ, ನಿನಗೆ ಬೇಕಾದದ್ದನ್ನು ಇಟ್ಟುಕೋ.

ಡೋಕಿಯಾ


ಲಾರ್ಕ್‌ಹಿಲ್
1 ಮಾರ್ಚ್ 1982

ಅಕ್ಕಾ,

ಹತ್ತು ದಿನ ನಿನಗೆ ಬರೆಯಬಾರದೆಂದಿದ್ದೆ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಗೊತ್ತಿರಲಿ.

ಹೋಗುವುದೇ ಬೇಡವೆಂದು ಸೊಸೆಗೆ ಹೇಳಿದ್ದೆ. ಅವಳು, ‘ಮಾವಾ, ನೀವು ಹೋಗದಿದ್ರೆ ಅವರ ಪಾಲಿಗೆ ಎರಡು ಕಲ್ಲೇ ಉಳಿಯುತ್ತೆ’ ಎಂದಳು. ಅವಳಿಗೂ ನಿನ್ನ ಗಾಳಿ ಬೀಸಿದೆ.

ಹೋದೆ. ಸಭಾಂಗಣ ತುಂಬಿತ್ತು. ಮೊದಲು ಹಿಂದಿನ ಗೋಡೆಯ ಹಾಳೆ ತೋರಿಸಿ, ‘ಅಲ್ಲಿ ಬರ್ದಿರೋದು ತಪ್ಪು. ತಪ್ಪು ಹೇಗಾಯ್ತು ಅಂತ ಹೇಳೋಕೆ ಬಂದಿದ್ದೀನಿ’ ಎಂದೆ. ಒಂದು ಸೀಮೆಸುಣ್ಣ ತೆಗೆದುಕೊಂಡು ಟೌನ್‌ಶಿಪ್ಪಿನ ಚೌಕ ಬರೆದು, ನಮ್ಮ ಕಡೆಯಿಂದ ನಂಬರು ಹಾಕಿದೆ. ಪಕ್ಕದಲ್ಲೇ ಇನ್ನೊಂದು ಚೌಕ ಬರೆದು ಅವರ ಕಡೆಯಿಂದ ಹಾಕಿದೆ. ಮೂರನೇ ನಂಬರಿಗೆ ಬರುವಷ್ಟರಲ್ಲಿ ಹೊಲದಿಂದ ಬಂದವರೆಲ್ಲ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಪಟ್ಟಣದವರು ಏನಾಯಿತೆಂದು ಅವರನ್ನು ಕೇಳುತ್ತಿದ್ದರು. ನನ್ನ ಮೇಸ್ತ್ರಿಯಂತೂ ಕಣ್ಣೊರೆಸಿಕೊಂಡ.

ಕೊನೆಯಲ್ಲಿ ಕೋಟು ಹಾಕಿದ ಒಬ್ಬ ಎದ್ದು, ‘ಹಾಗಾದ್ರೆ ನಿಮ್ಮಕ್ಕ ಏನೂ ನೋಡ್ಲಿಲ್ಲ ಅಂತಾಯ್ತು?’ ಎಂದ.

ಅಷ್ಟು ಹೊತ್ತು ನಿನ್ನ ಮೇಲಿದ್ದ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ‘ನೋಡಿ ಸ್ವಾಮಿ, ನಾನು ನೋಡಿದ್ದು ಕತ್ತಲೆ, ಪಾದ್ರಿ ನೋಡಿದ್ದು ಕತ್ತಲೆ. ಆ ಸಂಜೆ ಪೂರ್ತಿ ನಕ್ಷತ್ರ ನೋಡಿದ್ದು ನಮ್ಮಕ್ಕ ಒಬ್ಳೇ’ ಎಂದೆ.

ಚಪ್ಪಾಳೆ ಬಂತು. ಯಾರಿಗೆಂದು ನನಗೂ ಗೊತ್ತಾಗಲಿಲ್ಲ.

ಓಸ್ತಾಪ್


ಡೊಬ್ರಿವ್ಕಾ
22 ಮಾರ್ಚ್ 1982

ಪ್ರೀತಿಯ ಓಸ್ತಾಪ್,

ಹೊಸ ಚಿತ್ರ ನಿನಗೂ ಬಂದಿರಬೇಕು. ನಮ್ಮ ಎಡೆಲ್ವಿನಾ ಅಂಥ ಚೆಲುವೆಯೇನಲ್ಲ. ಅವಸರದಲ್ಲಿ ಅಂಟಿಸಿದ ವರೆನಿಕಿಯ ಹಾಗೆ ಒಂದು ಕಡೆ ಉಬ್ಬಿಕೊಂಡಿದ್ದಾಳೆ. ನಡುವೆ ನಿನ್ನ ಉದ್ದದ ಗೆರೆ, ಕೆಳಗೆ ಫಾದರ್ ಮಿರೊನ್ ಅವರ ಗಿಡ್ಡ ಗೆರೆ, ಅದರ ಕೆಳಗೆ ಕಲ್ಲನ್ನು ಮುಟ್ಟದೆ ನೆಟ್ಟಗೆ ಹೋಗುವ ನನ್ನದು. ಪುಸ್ತಕದವರು ಅಂದಾಜಿನಲ್ಲಿ ಅರವತ್ತೆಂಟು ಕಿಲೋಮೀಟರ್ ಎಂದಿದ್ದರು. ನನ್ನ ಗೆರೆ ಅಲ್ಲಿರುವುದರಿಂದ ಅಷ್ಟು ದೊಡ್ಡದಾಗಿರಲು ಸಾಧ್ಯವೇ ಇಲ್ಲ, ಐವತ್ತೊಂಬತ್ತಕ್ಕೆ ಇಳಿಸಬೇಕು ಎಂದು ಓರ್ವಿಲ್ ಬರೆದಿದ್ದಾನೆ. ಒಂಬತ್ತು ಕಿಲೋಮೀಟರ್ ಕಲ್ಲು ಅವಳಿಂದ ಉದುರಿತು.

ನೀನು ಎಡ್ಮಂಟನ್‌ನಲ್ಲಿ ಎದ್ದು ನಿಂತದ್ದನ್ನು ಮತ್ತೆ ಮತ್ತೆ ಓದಿದೆ. ಅದು ನನ್ನ ಸಂಜೆಗಿಂತ ಕಷ್ಟದ್ದು. ನಾನು ಎಲ್ಲರಿಗೂ ಇಲ್ಲ ಎಂದದ್ದು ನನ್ನದನ್ನು ಉಳಿಸಿಕೊಳ್ಳಲು. ನೀನು ನಿನ್ನದನ್ನು ಬಿಟ್ಟುಕೊಟ್ಟು ಇಲ್ಲ ಎಂದೆ.

ಆಗಸ್ಟಿನಲ್ಲಿ ಇನ್ನೊಂದು ಕಲ್ಲು ನಮ್ಮ ಸೀಮೆಯ ಮೇಲೆ ಹಾಯುತ್ತದೆ. ಓರ್ವಿಲ್ ನಿನ್ನೆ ಫೋನ್ ಮಾಡಿದ್ದ. ನನಗೆ ಅನ್ಯಾಯವಾಯಿತೆಂದು ಅವನ ಮನಸ್ಸಿನಲ್ಲಿದೆ. ‘ಮಿಸೆಸ್ ಬೊಯ್ಚುಕ್, ಈ ಸಲ ನಿಮ್ಮನ್ನ ನೆರಳಿನ ನಟ್ಟನಡುವೆ ಕೂರಿಸ್ತೀನಿ. ಏನೇ ಆದ್ರೂ ಆರೇ ಆರುತ್ತೆ. ಹತ್ತು ಸೆಕೆಂಡು! ಜೀವನದಲ್ಲಿ ಒಂದ್ಸಲ ನೋಡ್ಬೇಕು ನೀವು.’

ಸುಳ್ಳೇಕೆ, ಆಸೆಯಾಯಿತು. ನಿನ್ನ ಆ ಕೂಗನ್ನು ನಾನೂ ಒಮ್ಮೆ ಕೂಗಬೇಕು ಅನ್ನಿಸಿತು.

‘ನಡುವೆ ಕೂರೋಕೆ ನಿಮಗೆ ಜನ ಸಿಗ್ತಾರೆ, ಓರ್ವಿಲ್’ ಎಂದೆ. ‘ಅಲ್ಲಿ ಎಲ್ಲರೂ ಬರ್ತಾರೆ. ಅದು ಎಲ್ಲಿ ಮುಗಿಯುತ್ತೆ ಅಂತ ಹೇಳೋಕೆ ಯಾರನ್ನ ಇಟ್ಟಿದ್ದೀರಿ?’

ಯಾರನ್ನೂ ಇಟ್ಟಿರಲಿಲ್ಲ.

‘ಹಾಗಾದ್ರೆ ನನ್ನನ್ನ ಅಂಚಿಗೇ ಹಾಕಿ’ ಎಂದೆ.

ನಿನ್ನ ಅಕ್ಕ
ಡೋಕಿಯಾ